ನಂದು, ನಿಂದು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಗೆಳೆಯರು ನಿಂತಿದ್ದರು. ಒಬ್ಬರು ಟೈಲರ್, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಇನ್ನೊಬ್ಬರ ಕಂಕುಳಲ್ಲಿ ವಾಲಿಬಾಲ್.

"ನಾನು ಹೊಲಿದ ಜೆರ್ಸಿ ಹಾಕ್ಕೊಂಡು ನನ್ನನ್ನೇ ಟೀಮಿಂದ ತೆಗೆದೆಯಲ್ಲೋ!"

"ತೆಗೆದಿಲ್ಲ ಕಣೋ. ರೆಸ್ಟ್ ಕೊಟ್ಟಿದೀನಿ."

"ನಾನೇನು ರೆಸ್ಟ್ ಕೇಳಿದ್ನಾ? ಆ ಭಾನುವಾರದ ಆಟ ಒಂದಿದೆ ಅಂತಲೇ ವಾರವೆಲ್ಲ ಮಿಷನ್ ತುಳೀತೀನಿ."

"ಚೆಂಡು ಬಂದಾಗ ಏನಂತ ಕೂಗ್ಬೇಕು?"

"'ನಂದು' ಅಂತ."

"ನೀನೇನು ಕೂಗ್ತೀಯ?"

ಟೈಲರ್ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"'ನಿಂದು' ಅಂತ. ಎಲ್ಲರೆದುರು ನಂದು ನಂದು ಅಂತ ಅರಚಿದ್ರೆ ಚೆನ್ನಾಗಿರುತ್ತಾ?"

"ಮೊನ್ನೆ ಪಕ್ಕದಲ್ಲಿ ಆಡ್ತಿದ್ದ ಮೇಷ್ಟ್ರಿಗೆ 'ತಮ್ಮದು ಸಾರ್' ಅಂದೆ. ನೀನು ಹೇಳಿ ಮುಗಿಸೋದ್ರೊಳಗೆ ಚೆಂಡು ನೆಲ ಕಂಡಿತ್ತು."

"ಅವರು ನನಗೆ ಪಾಠ ಹೇಳಿದೋರು ಕಣೋ! ಹೋಗ್ಲಿ, ನನ್ನ ಜಾಗಕ್ಕೆ ಯಾರು?"

"ನನ್ನ ಭಾವಮೈದ."

"ಅವನಿಗೆ ಮಂಡಿನೇ ಬಗ್ಗಲ್ವಲ್ಲೋ!"

"ಬಾಯಿದೆ."

ಅವರ ಬಸ್ಸು ಬಂತು, ಇಬ್ಬರೂ ಹತ್ತಿದರು. ನಾನು ಹೋಗಬೇಕಾದ ಬಸ್ಸು ಅದಲ್ಲ. ಒಳಗೆ ಕಿಟಕಿಯ ಪಕ್ಕ ಒಂದೇ ಸೀಟು ಖಾಲಿ ಇತ್ತು. ಚೆಂಡಿನವರು ಕೂರಲು ಬಗ್ಗಿದರು.

"ನಂದು!"

ಡ್ರೈವರ್ ಕೂಡ ಬೆಚ್ಚಿ ತಿರುಗಿ ನೋಡಿದ. ಅಷ್ಟರಲ್ಲಿ ಟೈಲರ್ ಕೂತಾಗಿತ್ತು. ಚೆಂಡಿನವರು ಚೆಂಡನ್ನು ಅವರ ತೊಡೆಯ ಮೇಲಿಟ್ಟರು.

"ಭಾವಮೈದನಿಗೆ ರೆಸ್ಟ್ ಕೊಡ್ತೀನಿ. ಭಾನುವಾರ ಇದೇ ಗಂಟಲು ತಗೊಂಡು ಬಾ."

ಬಸ್ಸು ಹೊರಟಿತು.