ಮೂಲೆ ಹರಿದ ಹಾಕಿ ಕಾರ್ಡು

ನನ್ನ ಹೆಸರು ಸುಲಭಾ ಕೋಂ ಆನಂದತೀರ್ಥ ಕುಲಕರ್ಣಿ, ವಯಸ್ಸು 49 ವರ್ಷ, ಉದ್ಯೋಗ ಹೊಲಿಗೆ ಕೆಲಸ, ಸಾಕಿನ್ ಮೇಡ್ಲೇರಿ ರಸ್ತೆ, ರಾಣೆಬೆನ್ನೂರು. ಖುದ್ದು ಠಾಣೆಗೆ ಹಾಜರಾಗಿ ಹೇಳಿ ಬರೆಸುವುದೇನೆಂದರೆ,

ನನ್ನ ಅಣ್ಣ ಅಣ್ಣಾಜಿ, ವಯಸ್ಸು 54, ಮದುವೆಯಾಗಿಲ್ಲ, ನಮ್ಮ ಮನೆಯಲ್ಲೇ ಇರುತ್ತಾನೆ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಹಿಂದೆ ಊರಿನ ಹಾಕಿ ತಂಡದ ನಾಯಕನಾಗಿದ್ದ. 1998ರಲ್ಲಿ ಹಾವೇರಿಯಲ್ಲಿ ಗೆದ್ದು ಬಂದಾಗ, ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಪ್ರತಿ ಆಟಗಾರನ ಫೋಟೊ ಹಾಕಿ ಒಂದೊಂದು ಕಾರ್ಡು ಮಾಡಿಸಿದ್ದ. ಆ ಕಾರ್ಡುಗಳ ಆಲ್ಬಮ್ಮನ್ನು ಯಾರಿಗೂ ಮುಟ್ಟಲು ಕೊಡುವುದಿಲ್ಲ. ಹುಳ ಹತ್ತಬಾರದೆಂದು ಅದರಲ್ಲಿ ಒಣಮೆಣಸಿನಕಾಯಿ ಇಟ್ಟಿರುತ್ತಾನೆ.

ಕಳೆದ ದೀಪಾವಳಿಯಲ್ಲಿ ಅವನ ಜೊತೆ ಆಡುತ್ತಿದ್ದ ಗೆಳೆಯ ವಿಕಾಸ ತೀರಿಕೊಂಡ. ಅಂದಿನಿಂದ ಅಣ್ಣನಿಗೆ ಊಟ ಸೇರದು, ಮಾತು ಬೇಡ. ಬುಧವಾರ ರಾತ್ರಿ ಊಟಕ್ಕೆ ಕುಳಿತಾಗ, “ಸುಲಭಾ, ನಾಳೆ ನನಗ ಡಬ್ಬಿ ಕಟ್ಟಬ್ಯಾಡ” ಎಂದ. ಒಂದು ದಿನ ಚಪಾತಿ ಲಟ್ಟಿಸುವುದು ತಪ್ಪಿತೆಂದು ನಾನು ಒಳಗೊಳಗೇ ಖುಷಿಪಟ್ಟೆ. ಯಾಕೆ ಎಂದು ಕೇಳಲಿಲ್ಲ.

ನಿನ್ನೆ ದಿನಾಂಕ 22/01/2026 ಗುರುವಾರ ಬೆಳಿಗ್ಗೆ ನಾನು ಹಿತ್ತಲಲ್ಲಿದ್ದಾಗ ಎಂದಿನ ಹೊತ್ತಿಗೆ ಮನೆ ಬಿಟ್ಟ. ಗುರುವಾರ ಬ್ಯಾಡಗಿ ಪೇಟೆಯ ದಿನ, ಜ್ವರ ಬಂದರೂ ತಪ್ಪಿಸುವವನಲ್ಲ. ಸುಮಾರು ಹನ್ನೊಂದು ಗಂಟೆಗೆ ಅವನ ಮೊಬೈಲು ಅವನ ದಿಂಬಿನ ಕೆಳಗೇ ರಿಂಗಾಯಿತು. ಅಂಗಡಿ ಮಾಲೀಕರು ಫೋನು ಮಾಡಿ ಅಣ್ಣ ಯಾಕೆ ಬಂದಿಲ್ಲವೆಂದು ಕೇಳಿದರು. ಮೊಬೈಲಿನ ಪಕ್ಕದಲ್ಲೇ ಆಲ್ಬಮ್ ಇತ್ತು. ತೆರೆದೆ, ಮೆಣಸಿನ ಘಾಟಿಗೆ ಸೀನು ಬಂತು.

ಕೆಲವು ಕಾರ್ಡುಗಳ ಮೂಲೆ ಹರಿದಿತ್ತು. ಮೊದಲು ಇಲಿ ಎಂದುಕೊಂಡೆ. ಆದರೆ ಎಲ್ಲದರಲ್ಲೂ ಬಲಗಡೆಯ ಮೇಲಿನ ಮೂಲೆಯೇ. ಇಲಿಗೆ ಅಷ್ಟು ಶಿಸ್ತೆಲ್ಲಿಯದು? ಒಂದು ಕಾರ್ಡು, ಅಪಘಾತದಲ್ಲಿ ಹೋದ ಫಕ್ಕೀರೇಶನದು. ಇನ್ನೊಂದು ವಿಕಾಸನದು. ಆಗ ಹೊಳೆಯಿತು. ನಮ್ಮ ಕಡೆ ಹಿಂದೆ ಸಾವಿನ ಸುದ್ದಿಯ ಕಾಗದವನ್ನು ಮೂಲೆ ಹರಿದು ಕಳಿಸುತ್ತಿದ್ದರು. ಅಂಥ ಕಾಗದ ಬಂದರೆ ಓದುವ ಮೊದಲೇ ಮನೆಯಲ್ಲಿ ಅಳು ಏಳುತ್ತಿತ್ತು. ಕೊನೆಯ ಪುಟದಲ್ಲಿ ಅಣ್ಣನ ಸ್ವಂತ ಕಾರ್ಡು. ಅದರ ಮೂಲೆಯೂ ಇರಲಿಲ್ಲ. ಹರಿದ ಅಂಚು ಇನ್ನೂ ಬೆಳ್ಳಗಿತ್ತು.

ಅದೇ ತಂಡದ ಆರಿಫನ ಕಾರ್ಡಿನ ಮೂಲೆ ಮಾತ್ರ ಹರಿದು ಮತ್ತೆ ಅಂಟಿಸಿದಂತಿತ್ತು. ಆಲ್ಬಮ್ ಹಿಡಿದು ಬಸ್ ನಿಲ್ದಾಣದ ಎದುರಿನ ಅವನ ಸೈಕಲ್ ಅಂಗಡಿಗೆ ಓಡಿ, ಇದೇನೆಂದು ಕೇಳಿದೆ. “ಅಕ್ಕಾರ, ಕೊರೊನಾದಾಗ ನಾ ಸತ್ತೇನಂತ ಯಾರೋ ಸುದ್ದಿ ಹಬ್ಬಿಸಿದ್ರು. ಅಣ್ಣಾಜಿ ನನ್ನ ಕಾರ್ಡಿನ ಮೂಲಿ ಹರದಿದ್ರು. ಬದುಕೇನಿ ಅಂತ ಗೊತ್ತಾದ ಮ್ಯಾಲೆ ತಾವ ಅನ್ನದ ಅಗಳ ಹಚ್ಚಿ ಅಂಟಿಸಿ, ‘ಮಗನ, ಇನ್ನೊಮ್ಮೆ ಸತ್ತಿ ಅಂದ್ರ ಅಂಟಸಾಂವ ಅಲ್ಲ’ ಅಂತ ಬೈದಿದ್ರು” ಎಂದ. ಅಣ್ಣನ ಕಾರ್ಡು ತೋರಿಸಿದೆ. ಅವನು ಅಂಗಡಿಯ ಬಾಗಿಲು ಎಳೆದ. ಅಣ್ಣ ಹಾಕಿ ಕೋಲು ಹಿಡಿದು ಐರಣಿ ಬಸ್ಸು ಹತ್ತಿದ್ದನ್ನು ಬೆಳಿಗ್ಗೆ ತಾನೇ ನೋಡಿದ್ದಾಗಿ ತಿಳಿಸಿದ.

ಐರಣಿ ಎಂದರೆ ತುಂಗಭದ್ರಾ ಹೊಳೆಯ ದಂಡೆ. ನಾನು, ನನ್ನ ಗಂಡ, ಆರಿಫ್ ಕೂಡಲೇ ಅಲ್ಲಿಗೆ ಹೋದೆವು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಕರಿಯವ್ವ ಎಂಬುವವರನ್ನು ವಿಚಾರಿಸಲಾಗಿ, “ಕೋಲ ಹಿಡಕೊಂಡ ಒಬ್ಬರು ಕಲ್ಲಿನ ಮ್ಯಾಲೆ ಭಾಳ ಹೊತ್ತ ಕುಂತಿದ್ರು ನೋಡ್ರಿ. ರೊಟ್ಟಿ ತಿನ್ನಾಕ ಬರ್ರಿ ಅಂದ್ನಿ. ಒಲ್ಲೆ ಅಂದ್ರು. ಆಮ್ಯಾಲೆ ದಂಡಿಗುಂಟ ನಡಕೋತ ಹ್ವಾದ್ರು” ಎಂದರು. ಕತ್ತಲಾಗುವವರೆಗೆ ದಂಡೆಯುದ್ದಕ್ಕೂ ಕೂಗಿದೆವು. ಸಿಗಲಿಲ್ಲ.

ಅವನು ನೀಲಿ ಚೌಕಡಿ ಅಂಗಿ ತೊಟ್ಟಿದ್ದಾನೆ, ನಾನೇ ಹೊಲಿದದ್ದು. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾನೆ. ಹೊಳೆಯ ಎರಡೂ ದಂಡೆಯ ಊರುಗಳಲ್ಲಿ ಲಗೂ ಹುಡುಕಿಸಬೇಕೆಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಅವನ ಕಾರ್ಡನ್ನು ಈ ಹೇಳಿಕೆಯ ಜೊತೆ ಹಾಜರುಪಡಿಸಿರುತ್ತೇನೆ. ಹರಿದ ಮೂಲೆಗಾಗಿ ಹಾಸಿಗೆ ಕೊಡವಿ, ಕಸದ ಬುಟ್ಟಿ ಸುರುವಿ ನೋಡಿದೆ, ಮನೆಯಲ್ಲಿಲ್ಲ. ಅವನ ಅಂಗಿಯ ಜೇಬಿನಲ್ಲಿಯೇ ಇರಬೇಕು. ಅವನು ಸಿಕ್ಕಾಗ ಆ ಚೂರು ಕಸವೆಂದು ಯಾರೂ ಬಿಸಾಡಬಾರದು. ಬೈಯುವುದು ನನ್ನ ಪಾಲು, ಅದನ್ನು ನಾನು ನೋಡಿಕೊಳ್ಳುತ್ತೇನೆ. ಅಂಟಿಸುವುದು ಅವನ ಪಾಲು. ಇವತ್ತು ಅವನ ಡಬ್ಬಿ ಕಟ್ಟಿಕೊಂಡು ಬಂದಿದ್ದೇನೆ, ಅದರಲ್ಲಿ ಅನ್ನ ಇದೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದ್ದು, ಎಲ್ಲವೂ ಖರೇ.

ಸ್ಥಳ: ರಾಣೆಬೆನ್ನೂರು
ದಿನಾಂಕ: 23/01/2026
ಸಹಿ: ಸುಲಭಾ ಆ. ಕುಲಕರ್ಣಿ