ಖಾಲಿ ಕವರಿನ ತೂಕ

ಮುಂಬೈ ಹತ್ತಿರದ ದಿವಾ ಸ್ಟೇಶನ್ ಹೊರಗೆ ಶೇರ್ ಆಟೋದ ಸಾಲಿನಲ್ಲಿ ನಿಂತಿದ್ದ ಸುಲೋಚನಾಳಿಗೆ, ಮುಂದಿದ್ದ ಇಬ್ಬರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬ ಇಂಟರ್‌ನೆಟ್ ರಿಪೇರಿಯ ಶೈಲೇಶ್, ಇನ್ನೊಬ್ಬ ಅವನ ಗಿರಾಕಿ ರೇವಣಸಿದ್ದ.

“ಈಗ ಕಾಲ್ ಕಟ್ ಆಗುದಿಲ್ಲ ಅಲ್ವಾ ಅಣ್ಣ?” ಶೈಲೇಶ್ ಕೇಳಿದ.

“ಇಲ್ಲ ತಮ್ಮಾ. ಮೊದ್ಲ ಯಾಕ ಆಗ್ತಿತ್ತು?”

“ನೆಟ್ಟಿನಲ್ಲಿ ಮಾತೆಲ್ಲ ಸಣ್ಣ ಸಣ್ಣ ಪ್ಯಾಕೆಟ್ ಆಗಿ ಹೋಗುದು. ಪ್ರತಿಯೊಂದಕ್ಕೂ ಮೇಲೊಂದು ಕವರ್ ಇರ್ತದೆ. ಸ್ಪೀಡಿಗೆ ಮಿತಿ ಹಾಕುವಾಗ ಆ ಕವರಿನ ತೂಕ ಲೆಕ್ಕಕ್ಕೆ ಹಿಡಿದಿರಲಿಲ್ಲ, ಲೈನ್ ಕಟ್ಟಿಕೊಳ್ತಿತ್ತು. ಈಗ ಸೇರಿಸಿದ್ದೇನೆ.”

“ಛಲೋ ಆತು.”

“ಆದ್ರೆ ನಿಮ್ಮ ಲೈನಿನಲ್ಲಿ ಒಂದು ಕಾಲ್ ನಿಲ್ಲುದೇ ಇಲ್ಲ. ನೀವು ಡ್ಯೂಟಿಗೆ ಹೋಗಿ ಮನೆಗೆ ಬೀಗ ಇದ್ದಾಗಲೂ ನಡೀತಾ ಉಂಟು. ಒಳಗೆ ಮಾತೇ ಇಲ್ಲ, ಬರೀ ಕವರ್.”

“ಯಾರ ಫೋನು?”

“ಮರಗಮ್ಮ ಅಂತ ಹೆಸರು ತೋರಿಸ್ತದೆ.”

ರೇವಣಸಿದ್ದ ಹಳಿಗಳ ಕಡೆ ತಿರುಗಿದ.

“ನನ್ನ ಹೇಣ್ತಿ. ತೀರಿಕೊಂಡು ವರ್ಷ ಆತು. ಫೋನು ಬಂದ್ ಮಾಡಿ ಟ್ರಂಕಿನ್ಯಾಗ ಇಟ್ಟೀನಿ.”

ಶೈಲೇಶ್ ದನಿ ತಗ್ಗಿತು. “ಬ್ಲಾಕ್ ಮಾಡ್ಲಾ ಅಣ್ಣ?”

“ಬ್ಯಾಡ. ಆಕೀದೂ ತೂಕ ಲೆಕ್ಕಕ್ಕ ಹಿಡಿ.”

ಆಟೋ ಬಂತು. ಹಿಂದಿನ ಸೀಟಿಗೆ ಮೂವರು ತುಂಬದೆ ಇಲ್ಲಿ ಯಾವ ಆಟೋವೂ ಹೊರಡುವುದಿಲ್ಲ. ಇಬ್ಬರೂ ಒಂದೊಂದು ಅಂಚಿಗೆ ಕೂತರು, ನಡುವೆ ಜಾಗ ಉಳಿಯಿತು. ಮೂರನೆಯವಳು ತಾನೇ ಎಂದು ಸುಲೋಚನಾ ಕಾಲು ಮುಂದಿಟ್ಟಳು.

ಡ್ರೈವರ್ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿ, “ತೀನ್ ಹೋ ಗಯೇ, ಪೀಛೆವಾಲಾ ಪಕಡೋ” — ಮೂವರಾದರು, ಹಿಂದಿನ ಆಟೋ ಹಿಡಿ — ಎಂದು ಗಾಡಿ ಹೊರಡಿಸಿದ.