ನಿಂತು ಬಡಿಸಿದವಳ ಹಸಿವು

ಒಬ್ಬ ಸಿರಿವಂತನಿದ್ದ. ಯಾವ ಊರವನು ಅಂತ ಕೇಳಬೇಡಿ, ನಿಮ್ಮ ಓಣಿಯವನೇ ಅಂತ ಇಟ್ಟುಕೊಳ್ಳಿ. ಊಟಕ್ಕೆಂದು ಎಂಟು ಕುರ್ಚಿಯ ತೇಗದ ಮೇಜು ಮಾಡಿಸಿದ್ದ. ಮನೆಯಲ್ಲಿದ್ದವರು ಅವನು, ಹೆಂಡತಿ, ಮಗ, ಸೊಸೆ, ಮೊಲೆ ಕುಡಿಯುವ ಮೊಮ್ಮಗ. ಕುರ್ಚಿಗೆ ಬರವಿಲ್ಲ. ಆದರೂ ಕೂರುತ್ತಿದ್ದವರು ಗಂಡಸರು ಮಾತ್ರ. ಯಜಮಾನ ಉಂಡು ಏಳುವ ತನಕ ಹೆಂಗಸರು ತುತ್ತು ಮುಟ್ಟುವಂತಿಲ್ಲ. ಅದು ಆ ಮನೆಯ ರೀತಿ. ಯಾರು ಮಾಡಿದ ರೀತಿ? ಉಂಡವರು ಮಾಡಿದ್ದು, ನೋಡಿ. ಹಸಿದವರು ಅಂಥ ರೀತಿ ಮಾಡುತ್ತಾರೆಯೇ?

ಅವನು ಕೆಟ್ಟವನಲ್ಲ. ಊಟಕ್ಕೆ ಕೂತರೆ ಒಳ್ಳೆಯ ಮಾತನ್ನೇ ಆಡುತ್ತಿದ್ದ. ಒಂದು ಮಧ್ಯಾಹ್ನ ಗೆಳೆಯನೊಬ್ಬ ಬಂದಿದ್ದ. ಮಾತು ದಯೆಯ ಕಡೆ ಹೊರಳಿತು. ರೊಟ್ಟಿ ಮುಗಿಯಿತು, ಅನ್ನ ಮುಗಿಯಿತು, ಎಂಜಲು ಬೆರಳು ಒಣಗಿತು, ಮಾತು ಮುಗಿಯಲಿಲ್ಲ. ಯಜಮಾನನಿಗೆ ತನ್ನ ಮಾತು ತನಗೇ ರುಚಿಸುತ್ತಿತ್ತು. ಅಷ್ಟರಲ್ಲಿ ಒಳಗೆ ಕೂಸು ಅಳತೊಡಗಿತು.

"ಮೊಮ್ಮಗನೂ ಭಾಷಣ ಸುರು ಮಾಡ್ಯಾನಲ್ಲೋ" ಎಂದು ಗೆಳೆಯ ನಕ್ಕ.

ಮಾತಿನ ಎಳೆ ತಪ್ಪಿದ್ದಕ್ಕೆ ಯಜಮಾನನಿಗೆ ಸಿಟ್ಟು ಬಂತು. ಮಜ್ಜಿಗೆ ಹಿಡಿದು ನಿಂತಿದ್ದ ಸೊಸೆಯನ್ನು, ಕೂಸಿಗೆ ಹಾಲು ಕೊಡಬಾರದೇ ಎಂದು ಗದರಿದ.

"ಎದಿಯಾಗ ಹಾಲಿಲ್ರಿ ಮಾವಾರ. ನೀವು ಎದ್ದರ ನಾ ಉಣ್ತೀನಿ. ನಾ ಉಂಡರ ಅದಕ್ಕ ಹಾಲು."

ಮೊದಲೇ ಹೇಳಬಾರದಿತ್ತೇ ಎಂದ.

"ಯಾವಾಗ ಹೇಳಲ್ರಿ? ನೀವು ಮಾತಾಡಾಕ ಹತ್ತಿದ್ರಿ."

ಅವನು ಮಗನ ಮುಖ ನೋಡಿದ. ಮಗ ತಾಟು ನೋಡುತ್ತಿದ್ದ. ಹೆಂಡತಿ ಹಸಿದಿರುವುದು ಇವನಿಗೆ ಗೊತ್ತಿತ್ತು! ತನ್ನ ಹಾಗೆಯೇ ಬೆಳೆದಿದ್ದಾನೆ, ಉಂಡು, ಸುಮ್ಮನಿದ್ದು. ಯಜಮಾನ ಎದ್ದು ಕುರ್ಚಿ ಎಳೆದು ಸೊಸೆಗೆ ಕೂಡು ಎಂದ. ಅವಳು ಕೂಡಲಿಲ್ಲ, ಒಲೆಯ ಮುಂದಿದ್ದ ಅತ್ತೆಯ ಕಡೆ ನೋಡಿದಳು. ಆಕೆಯೋ, ದಿನಾ ಆ ಮೇಜು ಒರೆಸಿದವಳು, ಒಮ್ಮೆಯೂ ಅದರ ಮುಂದೆ ಕೂತವಳಲ್ಲ. ಅವಳನ್ನೂ ಕರೆದು ಕೂಡಿಸಿದ. ತಾನೇ ಬಡಿಸಹೋದ. ಸೌಟು ಹಿಡಿದು ಗೊತ್ತಿಲ್ಲ, ಸಾರು ಚೆಲ್ಲಿತು. ಹೆಂಡತಿ ಒರೆಸಲು ಏಳಹೋದಳು. ಅವಳಿಗಿಂತ ಮೊದಲು ಮಗ ಎದ್ದು ಅರಿವೆ ತಂದ.

ನಗಬೇಡಿ. ನಿಮ್ಮ ಮನೆಯಲ್ಲಿ ನಿಂತವರು ಯಾರು? ಇಲ್ಲಿ ನೀವು ದಯೆಯ ಮಾತು ಕೇಳುತ್ತ ಕೂತಿದ್ದೀರಿ. ಅಲ್ಲಿ ಒಬ್ಬಾಕೆ ಅನ್ನ ಮುಚ್ಚಿಟ್ಟು, ತಾನು ಉಣ್ಣದೆ, ನಿಮ್ಮ ದಾರಿ ಕಾಯುತ್ತಿದ್ದಾಳೆ. ಅದಕ್ಕೇ ನಾನು ಇಲ್ಲಿಗೇ ನಿಲ್ಲಿಸುತ್ತೇನೆ. ಮನೆಗೆ ಹೋಗಿ. ಎಲ್ಲರ ತಾಟನ್ನೂ ಒಟ್ಟಿಗೆ ಇಡಿ. ಅಡುಗೆ ಮಾಡಿದವಳು ಮೊದಲ ತುತ್ತು ಬಾಯಿಗಿಡಲಿ. ಆಮೇಲೆ ಬೇಕಾದರೆ ದಯೆಯ ಬಗ್ಗೆ ಮಾತಾಡಿ.